ಹಾಸ್ಯಗಾರನ ಅರೆ-ಆತ್ಮಕಥೆಯ ಸರಣಿಯನ್ನು ಚರ್ಚಿಸುವ ಬಗೆ

ದಾವಣಗೆರೆಯಲ್ಲಿ ಗೆಳೆಯರು ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ‘ಲೂಯಿ’ ಸರಣಿಯನ್ನು ಚರ್ಚಿಸಲು ಕೂತಾಗ, ‘ಇದು ನಿಜವಾಗಿ ನಡೆದದ್ದೇ?’ ಎಂಬ ಪ್ರಶ್ನೆಯನ್ನು ಮೊದಲಿಗೇ ಎತ್ತಬೇಡಿ. 2010ರಲ್ಲಿ ಆರಂಭವಾದ ಈ ಅಮೆರಿಕದ ಟಿ.ವಿ. ಸರಣಿಯನ್ನು ಲೂಯಿ ಸಿ.ಕೆ. ತಾವೇ ಬರೆದು, ನಿರ್ದೇಶಿಸಿ, ತಮ್ಮಂತೆಯೇ ವಿಚ್ಛೇದನ ಪಡೆದ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ ಹಾಸ್ಯಗಾರನ ಪಾತ್ರವನ್ನೂ ವಹಿಸಿದ್ದಾರೆ. ಬದುಕಿಗೆ ಹೊಂದದ ವಿವರಗಳನ್ನು ಗುರುತು ಹಾಕಿಕೊಳ್ಳಿ: ಬಿಳಿಯ ಮಕ್ಕಳ ತಾಯಿಯಾಗಿ ಕಪ್ಪುವರ್ಣೀಯ ನಟಿ ಬರುತ್ತಾರೆ, ಸರಣಿ ಅದಕ್ಕೆ ವಿವರಣೆಯನ್ನೇ ಕೊಡುವುದಿಲ್ಲ. ಅಭಿಮಾನಿಗಳು ಇಂಥಲ್ಲಿ ಕಾರಣ ಹುಡುಕಬಹುದು. ಸಂಚಿಕೆಯನ್ನು ನೆನಪಿನಂತೆ, ಕನಸಿನಂತೆ ಓದುವ ವಿಮರ್ಶೆಯ ದಾರಿಯೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಆದರೆ 2014ರ ಸಂಚಿಕೆಯೊಂದರಲ್ಲಿ ಲೂಯಿಯ ಪಾತ್ರ ತನ್ನ ಸ್ನೇಹಿತೆ ಪಮೇಲಾಳನ್ನು ತಡೆದು ಬಲವಂತದಿಂದ ಮುತ್ತಿಡುವ ದೃಶ್ಯವನ್ನು ಹಾಗೆ ಓದಿ ಮುಗಿಸಲಾಗದು. ಏಕೆಂದರೆ ನಿಜಜೀವನದಲ್ಲಿ ತಮ್ಮ ಮೇಲೆ ಮಹಿಳೆಯರು ಹೊರಿಸಿದ್ದ ಲೈಂಗಿಕ ದುರ್ವರ್ತನೆಯ ಆರೋಪಗಳು ನಿಜವೆಂದು ಲೂಯಿ ಸಿ.ಕೆ. 2017ರಲ್ಲಿ ಒಪ್ಪಿಕೊಂಡರು. ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ, ಕ್ಯಾಮೆರಾ ಯಾರ ಮುಖವನ್ನು ಎಷ್ಟು ಹೊತ್ತು ತೋರಿಸುತ್ತದೆ ಎಂಬುದನ್ನು ಬರೆದುಕೊಂಡು ಚರ್ಚೆಗೆ ತನ್ನಿ.