ಕೇಸ್ ಬಿದ್ರ ವಕೀಲರನ್ನ ಹಿಡಿಯೂಕಿಂತ ಮೊದ್ಲ

ಗದಗಿನಾಗ ನಮ್ಮ ಕಾಕಾನ ಮಗನ ಮ್ಯಾಲೆ ಹೊಡೆದಾಟದ ಕೇಸ್ ಆದಾಗ ಕಲ್ತಿದ್ದು. ಎಫ್‌ಐಆರ್ ಪ್ರತಿ ಕೈಯಾಗ ಹಿಡ್ಕೊಂಡ ಹೋಗ್ರಿ. ಅದರಾಗಿನ ಕಲಂ ನೋಡದ "ನಾಳೆನ ಬೇಲ್ ಮಾಡಸ್ತೀನಿ" ಅನ್ನೋರು ಬ್ಯಾಡ. ಅಂಥವ್ರೊಬ್ರು ನಮಗೂ ಚಾ ಅಂಗಡ್ಯಾಗ ಸಿಕ್ಕಿದ್ರು. ಜಿಲ್ಲಾ ಕೋರ್ಟಿನಾಗ ದಿನಾ ಕ್ರಿಮಿನಲ್ ಕೇಸ್ ನಡಸೋರನ್ನ ಹುಡುಕ್ರಿ. ಫೀ ಬರೇ ಬೇಲಿಗೋ, ವಿಚಾರಣೆ ಮುಗಿಯೂತನಕನೋ, ಕೇಳಿ ಬರಸ್ಕೊಳ್ರಿ. ಖಾಲಿ ಕಾಗದಕ್ಕ ಸಹಿ ಮಾಡಬ್ಯಾಡ್ರಿ. ಕೋರ್ಟು ಪ್ರತಿ ಕೇಸಿಗೂ ಬ್ಯಾರೆ ಬ್ಯಾರೆ ಕೊಡೋ ಸಿಎನ್‌ಆರ್ ನಂಬರ್ ಇಸ್ಕೊಂಡ್ರ ಮುಂದಿನ ತಾರೀಖು ಇ-ಕೋರ್ಟ್ಸ್ ಆ್ಯಪಿನಾಗ ನೀವ ನೋಡಬಹುದು, ವಕೀಲರಿಗೆ ಹತ್ತ ಸಲ ಫೋನ್ ಹಚ್ಚೂದು ತಪ್ಪತೈತಿ. ಜಿಲ್ಲಾ ಕೋರ್ಟಿನಾಗ ಬೇಲ್ ಸಿಗದಿದ್ರ ಧಾರವಾಡ ಹೈಕೋರ್ಟ್ ಪೀಠದ ಮಾತು ಆಮ್ಯಾಲೆ. ರೊಕ್ಕದ ಅಡಚಣಿ ಇದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡ್ರಿ. ಕಸ್ಟಡಿಯಾಗ ಇದ್ದವ್ರಿಗೆ, ಹೆಣ್ಮಕ್ಕಳಿಗೆ ಆದಾಯ ಕೇಳದ ಪುಕ್ಕಟೆ ವಕೀಲರನ್ನ ಕೊಡ್ತಾರ.