ತೆಪ್ಪನ್ಯಾಕಿ: ಕಾವಲಿ ಮುಂದೆ ಕೂತು ಉಣ್ಣುವುದು ಹೇಗೆ?

ತೆಪ್ಪನ್ಯಾಕಿ ಅಂದರೆ ಕಾದ ಕಬ್ಬಿಣದ ಕಾವಲಿ ಮೇಲೆ ಕಣ್ಣೆದುರೇ ಬೇಯಿಸಿ ಬಡಿಸುವ ಜಪಾನಿ ಊಟ. ಹೆಸರು ಕೇಳಿದ ಕೂಡಲೇ ಸಟ್ಟುಗ ಗಿರಗಿರ ತಿರುಗಿಸುವ ಬಾಣಸಿಗ, ಈರುಳ್ಳಿ ಬಿಲ್ಲೆ ಪೇರಿಸಿ ಎಬ್ಬಿಸುವ ಬೆಂಕಿ, ಟೋಪಿಗೆ ಹಾರುವ ಸಿಗಡಿ ಬಾಲ ನೆನಪಾಗುತ್ತವೆ ಅಲ್ವಾ? ಆ ಆಟ ಅಮೆರಿಕದಲ್ಲಿ ಬೆಳೆದದ್ದು. ರಾಕಿ ಆವೊಕಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಬೆನಿಹಾನಾ ಎಂಬ ಹೋಟೆಲ್ ತೆರೆದ ಮೇಲೆ ಅದಕ್ಕೆ ಹೆಸರು ಬಂತು. ಈ ಊಟ ಹುಟ್ಟಿದ್ದು ಜಪಾನಿನ ಕೋಬೆಯಲ್ಲಿ, 1945ರಲ್ಲಿ ಶುರುವಾದ ಮಿಸೊನೊ ಹೋಟೆಲಿನಲ್ಲಿ ಎನ್ನುತ್ತಾರೆ. ಜಪಾನಿನ ಒಳ್ಳೆಯ ತೆಪ್ಪನ್ಯಾಕಿ ಹೋಟೆಲುಗಳಲ್ಲಿ ಗದ್ದಲ ಕಡಿಮೆ, ಕೈಕೆಲಸ ಜಾಸ್ತಿ. ನೋಡಬೇಕಾದ್ದೂ ಅದನ್ನೇ.

ಸೀಟು ಹಿಡಿಯುವಾಗಲೇ ಹೇಳಿ

ಸಾಧ್ಯವಾದರೆ ಮಧ್ಯಾಹ್ನಕ್ಕೆ ಬುಕ್ ಮಾಡಿ. ರಾತ್ರಿಗಿಂತ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಎಷ್ಟೋ ಅಗ್ಗ. ಕಾವಲಿ ಎದುರಿನ ಕೌಂಟರ್ ಸೀಟೇ ಬೇಕೆಂದು ಕೇಳಿ.

ಏನು ತಿನ್ನುವುದಿಲ್ಲ ಎಂಬುದನ್ನೂ ಆಗಲೇ ತಿಳಿಸಿ. ದನದ ಮಾಂಸ ಬೇಡವಾದರೆ 'ಗ್ಯೂನಿಕು ವಾ ತಾಬೆಮಾಸೆನ್' ಎಂದರೆ ಸಾಕು. ಸಿಗಡಿ, ಸ್ಕಾಲಪ್ ಎಂಬ ಚಿಪ್ಪುಜೀವಿ, ಮೀನು, ಕೋಳಿ ಎಲ್ಲವೂ ಕಾವಲಿ ಮೇಲೆ ಚೆನ್ನಾಗಿ ಬೇಯುತ್ತವೆ. ಅವಾಬಿ ಎಂಬ ಚಿಪ್ಪಿನ ಜೀವಿಯನ್ನು ಜೀವಂತವಾಗಿಯೇ ಕಾವಲಿಗಿಡುವುದೂ ಉಂಟು, ನೋಡಲಾಗದವರು ಮೊದಲೇ ಬೇಡ ಎಂದುಬಿಡಿ. ಅಪ್ಪಟ ಸಸ್ಯಾಹಾರಿಗಳಿಗೆ ಈ ಊಟ ಕಷ್ಟವೇ. ತರಕಾರಿ ಬೇಯುವುದೂ ಮಾಂಸ ಬೆಂದ ಕಾವಲಿಯಲ್ಲೇ. ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಹಾಕಿದ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತದೆ.

ಕಾವಲಿ ಮೇಲೆ ಕಣ್ಣಿಡಿ

ಕೂತ ಕೂಡಲೇ ಬಿಸಿ ಬಟ್ಟೆ ಕೊಡುತ್ತಾರೆ. ಅದು ಕೈ ಒರೆಸಲು, ಮುಖಕ್ಕಲ್ಲ. ಬಾಣಸಿಗ ಹಸಿ ಮಾಂಸವನ್ನು ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ಎಷ್ಟು ಬೇಯಿಸಬೇಕೆಂದು ಆಗ ಹೇಳಿ. ಕೋಬೆ ಬೀಫ್‌ನಂಥ ಕೊಬ್ಬಿನ ಎಳೆ ತುಂಬಿದ ಮಾಂಸವಾದರೆ ಮೀಡಿಯಂ ರೇರ್, ಅಂದರೆ ಒಳಗೆ ಇನ್ನೂ ಕೆಂಪಗಿರುವ ಹದ, ಒಳ್ಳೆಯದು. ಪೂರ್ತಿ ಬೇಯಿಸಿದರೆ ಕೊಟ್ಟ ದುಡ್ಡು ಕೊಬ್ಬಿನ ಜೊತೆ ಕರಗಿಹೋಗುತ್ತದೆ.

ಮೊದಲು ಬೆಳ್ಳುಳ್ಳಿ. ತೆಳ್ಳಗೆ ಹೆಚ್ಚಿದ ಬಿಲ್ಲೆಗಳನ್ನು ಎಣ್ಣೆಯಲ್ಲಿ ಹರಡಿ, ಸಣ್ಣ ಬಿಸಿಯಲ್ಲಿ ಆಗಾಗ ಮಗುಚುತ್ತಾರೆ. ಅವಸರವೇ ಇಲ್ಲ. ಹೊಂಬಣ್ಣ ಬರುವ ಹೊತ್ತಿಗೆ ಎತ್ತಿ ಬದಿಗಿಡುತ್ತಾರೆ. ಒಂದು ಕ್ಷಣ ತಡವಾದರೂ ಕಹಿ! ನಮ್ಮ ದೋಸೆ ಭಟ್ಟರಿಗೆ ಕಾವಲಿಯ ಯಾವ ಮೂಲೆ ಎಷ್ಟು ಕಾದಿದೆ ಎಂದು ಗೊತ್ತಿರುವ ಹಾಗೆ ಇವರಿಗೂ ಗೊತ್ತು. ಮಾಂಸ ಚೆನ್ನಾಗಿ ಕಾದ ಜಾಗದಲ್ಲಿ ಕೆಂಪಾಗುತ್ತದೆ, ಆಮೇಲೆ ಬಿಸಿ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಕತ್ತರಿಸಿ ತೆಗೆದ ಕೊಬ್ಬನ್ನೂ ಬಿಸಾಡುವುದಿಲ್ಲ. ಅದನ್ನು ಸಣ್ಣಗೆ ಕೊಚ್ಚಿ, ಗರಿಗರಿ ಮಾಡಿ, ಹೆಸರುಕಾಳಿನ ಉದ್ದ ಮೊಳಕೆ ಜೊತೆ ಹುರಿದು ಕೊಡುವವರಿದ್ದಾರೆ. ನನ್ನನ್ನು ಕೇಳಿದರೆ ಸ್ಟೇಕಿಗಿಂತ ಅದೇ ರುಚಿ.

ಬಡಿಸಿದ ತಕ್ಷಣ ತಿನ್ನಿ

ಎಲ್ಲ ಬರಲಿ ಎಂದು ಕಾಯಬೇಡಿ. ಒಂದೊಂದೇ ತುಂಡು ಬರುವುದೇ ಬಿಸಿಬಿಸಿ ತಿನ್ನಲಿ ಎಂದು. ಫೋಟೋ ಒಂದು ಸಾಕು. ಮೊದಲ ತುಂಡಿಗೆ ಬರೀ ಉಪ್ಪು. ಎರಡನೆಯದಕ್ಕೆ ವಸಾಬಿ ಎಂಬ ಖಾರದ ಹಸಿರು ಗೊಜ್ಜು. ಕೊಬ್ಬು ಜಾಸ್ತಿ ಇದ್ದರೆ ವಸಾಬಿಯ ಖಾರ ಅಷ್ಟಾಗಿ ನೆತ್ತಿಗೇರುವುದಿಲ್ಲ. ಹುಳಿ ಇರುವ ಪೊನ್ಜು ಎಂಬ ಸಾಸ್ ಆಮೇಲೆ. ಮೂರನ್ನೂ ಒಟ್ಟಿಗೆ ಕಲಸಬೇಡಿ.

ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇರಲಿ. ಕೊನೆಗೆ ಅನ್ನ, ಉಪ್ಪಿನಕಾಯಿ, ಮಿಸೊ ಸಾರು ಬರುತ್ತದೆ. ಬಿಳಿ ಅನ್ನವೋ ಬೆಳ್ಳುಳ್ಳಿ ಅನ್ನವೋ ಎಂದು ಕೇಳಿದರೆ ಬೆಳ್ಳುಳ್ಳಿಯದೇ ಇರಲಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಕಾವಲಿಗೆ ಒತ್ತಿ ಹುರಿದ ಅನ್ನದ ತಳ ಸ್ವಲ್ಪ ಸೀದು ಕರುಂ ಕುರುಂ ಎನ್ನುತ್ತದೆ. ದನದ ಮಾಂಸ ಬಿಟ್ಟವರು ಮಾತ್ರ ಯಾವ ಕೊಬ್ಬಿನಲ್ಲಿ ಹುರಿಯುತ್ತಾರೆಂದು ಕೇಳಿಕೊಳ್ಳಿ.

ಐಸ್‌ಕ್ರೀಂ, ಕಾಫಿಗೆ ಕೆಲವು ಕಡೆ ಬೇರೆ ಮೇಜಿಗೆ ಕರೆದೊಯ್ಯುತ್ತಾರೆ. ಸುಮ್ನೆ ಎದ್ದು ಹೋಗಿ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ದೊಡ್ಡ ಹೋಟೆಲುಗಳಾದರೆ ಸೇವಾ ಶುಲ್ಕ ಬಿಲ್ಲಿನಲ್ಲೇ ಸೇರಿರುತ್ತದೆ. ಹೊರಡುವಾಗ ಬಾಣಸಿಗರತ್ತ ತಿರುಗಿ 'ಗೊಚಿಸೊಸಾಮಾ' (ಊಟಕ್ಕೆ ಧನ್ಯವಾದ) ಎಂದು ಹೇಳಿದರೆ ಆಯಿತು.