ನ್ಯೂಹ್ಯಾಮಿನಲ್ಲಿ ಸೈಕೋಸಿಸ್ ಲೆಕ್ಕ: ನನ್ನ ಅನುಭವ

ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಎಂಬ ಒಂದೇ ಬರೋ (ನಗರದ ಆಡಳಿತ ವಿಭಾಗ) ಹಿಡಿದುಕೊಂಡು, ಸಂಶೋಧಕರ ಪಡೆ ಇಲ್ಲದೆ, ಜನಾಂಗವಾರು ಸೈಕೋಸಿಸ್ (ಇಲ್ಲದ ದನಿ ಕೇಳುವುದು, ಭ್ರಮೆಗಳು ಇರುವ ತೀವ್ರ ಮಾನಸಿಕ ಕಾಯಿಲೆ) ದರ ತೆಗೆಯೋಕೆ ಆಗಲ್ಲ ಅಂತ ನನಗೆ ಹೇಳದವರಿಲ್ಲ. ಮೈಸೂರಿನಲ್ಲಿ ನನಗಿಂತ ಸೀನಿಯರ್ ಆಗಿದ್ದು ಇಲ್ಲಿ ಕನ್ಸಲ್ಟೆಂಟ್ ಆಗಿರುವವರೊಬ್ಬರು "ಈಸಾಪ್‌ನವರು ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್ ಮೂರೂ ಸೇರಿಸಿ ಮಾಡಿದ್ದನ್ನ ನೀನು ಎಕ್ಸೆಲ್ ಶೀಟಲ್ಲಿ ಮಾಡ್ತೀಯೇನಯ್ಯ?" ಅಂತ ಊಟಕ್ಕೆ ಕೂತಾಗ ನಕ್ಕಿದ್ದರು. ಈಸಾಪ್ ಅಂದರೆ ಇದೇ ವಿಷಯದ ದೊಡ್ಡ ಬ್ರಿಟಿಷ್ ಅಧ್ಯಯನ. ಮಾಡಿದೆ. 2011ರ ಜನಗಣತಿಯನ್ನು ನಡುವೆ ಇಟ್ಟು ಹಿಂದೆ ಎರಡು, ಮುಂದೆ ಎರಡು ವರ್ಷ ಸೇರಿಸಿದೆ. ಈಗ ಅದೇ ಸೀನಿಯರ್ ತಮ್ಮ ಟ್ರೈನಿಗಳನ್ನು "ಅವನ ಹತ್ತಿರ ಕೇಳ್ರಪ್ಪ" ಅಂತ ನನ್ನಲ್ಲಿಗೆ ಅಟ್ಟುತ್ತಾರೆ.

ಈಸಾಪ್ ಅಂಕಿ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. 1997–99ರ ಕೇಸುಗಳಲ್ಲಿ ಬಿಳಿ ಬ್ರಿಟಿಷರಿಗೆ ಹೋಲಿಸಿದರೆ ಸ್ಕಿಜೋಫ್ರೇನಿಯಾ (ಸೈಕೋಸಿಸ್‌ನ ಒಂದು ಮುಖ್ಯ ಬಗೆ) ಕೆರಿಬಿಯನ್ ಮೂಲದವರಲ್ಲಿ ಒಂಬತ್ತು ಪಟ್ಟು, ಆಫ್ರಿಕನ್ನರಲ್ಲಿ ಆರರ ಹತ್ತಿರ. ನನ್ನ ಲೆಕ್ಕ ಅಷ್ಟು ಮೇಲೆ ಹೋಗಲಿಲ್ಲ, ಆದರೆ ಯಾರ ನಂತರ ಯಾರು ಅನ್ನುವ ಕ್ರಮ ಹಾಗೇ ಬಂತು. ಅಲ್ಲಿಗೆ ಮುಟ್ಟುವ ಮೊದಲು ದುಡ್ಡೂ ಹೋಯಿತು, ಶನಿವಾರಗಳೂ ಹೋದವು.

ಮೊದಲು ಕೈಕೊಟ್ಟಿದ್ದು ಜನಾಂಗದ ಕಾಲಂ. ಕಂಪ್ಯೂಟರ್ ರೆಕಾರ್ಡಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ 'ಹೇಳಿಲ್ಲ' ಅಥವಾ 'ಇತರೆ'. ಹೆಸರು ನೋಡಿ ಮೂಲ ಹೇಳುವ ಒಂದು ಸಾಫ್ಟ್‌ವೇರ್ ಇದೆ, ಅದಕ್ಕೆ ಹಾಕಿದರೆ ಮುಗೀತು ಅಂತ ಯಾರೋ ಅಂದರು. ಲೈಸೆನ್ಸಿಗೆ ನಾನೂರು ಪೌಂಡ್ ಚಿಲ್ಲರೆ ಸುರಿದೆ. ಅದು ನಮ್ಮ ಮಂಗಳೂರಿನ ಡಿಸೋಜಾ, ಪಿಂಟೋಗಳನ್ನೆಲ್ಲ ಯುರೋಪಿನವರ ಗುಂಪಿಗೆ ತಳ್ಳಿತು. ಗಯಾನಾದಿಂದ ಬಂದ ಪರ್ಸಾದ್ ಎಂಬವರನ್ನು ಇಂಡಿಯನ್ ಮಾಡಿತು. ಅವರನ್ನೇ ಕೇಳಿದರೆ "ನಾನು ಕೆರಿಬಿಯನ್, ನನ್ನಜ್ಜನೂ ಇಂಡಿಯಾ ನೋಡಿದವನಲ್ಲ" ಅಂದರು. ಜನಗಣತಿಯಲ್ಲಿ ಜನ ತಾವೇ ಟಿಕ್ ಹಾಕುತ್ತಾರೆ. ಛೇದದಲ್ಲಿ (ಒಟ್ಟು ಜನ) ಅವರ ಬಾಯಿಮಾತು, ಅಂಶದಲ್ಲಿ (ಕೇಸುಗಳು) ನಮ್ಮ ಊಹೆ ಇಟ್ಟರೆ ಬರುವ ಭಾಗಲಬ್ಧಕ್ಕೆ ಅರ್ಥವೇ ಇಲ್ಲ. ಕಡೆಗೆ ಜನಗಣತಿಯ ಆ ಪ್ರಶ್ನೆಯನ್ನೇ ಒಂದು ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ, ರೋಗಿಗಳನ್ನು ನೋಡಿಕೊಳ್ಳುವ ಕೇರ್ ಕೋಆರ್ಡಿನೇಟರುಗಳ ಕೈಗೆ ಕೊಟ್ಟು, ಮುಂದಿನ ಭೇಟಿಯಲ್ಲಿ ತೋರಿಸಿ ಅಂದೆ. ಖರ್ಚು ಇಪ್ಪತ್ತು ಪೌಂಡೂ ಇಲ್ಲ. 'ಹೇಳಿಲ್ಲ' ಅನ್ನುವುದು ಬೆರಳೆಣಿಕೆಗೆ ಇಳಿಯಿತು.

ದುಬಾರಿಯಾಗಿದ್ದು ದುಭಾಷಿಗಳು. ಆಗ ಗಂಟೆಗೆ ಮೂವತ್ತೈದು ನಲವತ್ತು ಪೌಂಡ್, ರೋಗಿ ಬಾರದಿದ್ದರೂ ಒಂದು ಗಂಟೆಯ ಬಿಲ್ ಕಟ್ಟಲೇಬೇಕಿತ್ತು. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಹೆಂಗಸಿಗೆ ಏಜೆನ್ಸಿ ಕೋಲ್ಕತ್ತಾದ ಬಂಗಾಳಿಯವರನ್ನು ಕಳಿಸಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ಕೂತರು, ಬಿಲ್ ಮಾತ್ರ ಪೂರ್ತಿ ಬಂತು. ನನಗೆ ಸಿಕ್ಕಿದ್ದ ಒಟ್ಟು ಅನುದಾನ ಆರು ಸಾವಿರದ ಆಸುಪಾಸು. ಅರ್ಧಕ್ಕರ್ಧ ಇಲ್ಲೇ ಕರಗಿತು.

ಇನ್ನು ಕೇಸು ಹುಡುಕುವುದು. ಸೈಕೋಸಿಸ್ ಶುರುವಾದವರನ್ನು ಬೇಗ ನೋಡಿಕೊಳ್ಳುವ ಆಗಿನ ಅರ್ಲಿ ಇಂಟರ್ವೆನ್ಷನ್ ಟೀಮುಗಳಿಗೆ 14ರಿಂದ 35 ಅಂತ ವಯಸ್ಸಿನ ಬೇಲಿ. 65ಕ್ಕೆ ಏರಿದ್ದು 2016ರಲ್ಲಿ. ಆ ಟೀಮಿನ ಪಟ್ಟಿ ಒಂದನ್ನೇ ನಂಬಿದರೆ ನಲವತ್ತು ದಾಟಿ ಕಾಯಿಲೆ ಶುರುವಾದ ಹೆಂಗಸರು ಲೆಕ್ಕಕ್ಕೇ ಸಿಗುವುದಿಲ್ಲ. ಪೂರ್ವ ಲಂಡನ್ನಿನಲ್ಲೇ 1990ರ ದಶಕದ ಕೊನೆಯ ಕೇಸುಗಳನ್ನು ಎಣಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು 64 ವಯಸ್ಸಿನವರೆಗೂ ಹೋಗಿತ್ತು. ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದ ಹೆಂಗಸರಲ್ಲಿ ದರ ಹೆಚ್ಚು ಅಂತ ಕಂಡುಕೊಂಡಿತ್ತು. ಹಾಗಾಗಿ ವಾರ್ಡ್ ಅಡ್ಮಿಷನ್, ಕಮ್ಯುನಿಟಿ ಟೀಮ್, ಸೆಕ್ಷನ್ 136ರ (ಪೊಲೀಸರು ಮಾನಸಿಕ ಅಸ್ವಸ್ಥರನ್ನು ಸುರಕ್ಷಿತ ಜಾಗಕ್ಕೆ ಕರೆತರುವ ಕಾನೂನು) ರಿಜಿಸ್ಟರ್, ಜೈಲಿನ ಮಾನಸಿಕ ಆರೋಗ್ಯ ತಂಡ, ಎಲ್ಲ ಕಡೆ ಹೋದೆ. ಕಪ್ಪು ಹುಡುಗರು ಜಿಪಿಗಿಂತ (ಬಡಾವಣೆಯ ಡಾಕ್ಟರಿಗಿಂತ) ಮೊದಲು ಪೊಲೀಸರ ಕೈಯಿಂದ ನಮ್ಮಲ್ಲಿಗೆ ಬರುವುದು ಹೆಚ್ಚು ಅನ್ನುವುದು ಗೊತ್ತಿರುವ ಸಂಗತಿ. ಜೈಲು ಬಿಟ್ಟು ಎಣಿಸಿದವರ ಟೇಬಲ್ ನೋಡಿದರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ. ಜಿಪಿ ಸರ್ಜರಿಗಳು ಮೊದಲು ಇಮೇಲಿಗೆ ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಕೊಟ್ಟವು. ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಿಯಮದೊಳಗೇ ಇತ್ತು, ರಿಸೆಪ್ಷನಿಸ್ಟುಗಳ ಕೈಯಲ್ಲಿತ್ತು ಅಂತಷ್ಟೇ ಹೇಳಬಲ್ಲೆ.

ಯಾರೂ ಮುಂಚೆ ಎಚ್ಚರಿಸದೆ ಇದ್ದ ತೊಡಕು ಬೇರೆ. ನ್ಯೂಹ್ಯಾಮಿನಲ್ಲಿ 2011ರ ಹೊತ್ತಿಗೆ ಬಿಳಿ ಬ್ರಿಟಿಷರು ಶೇ. 17ರಷ್ಟು ಮಾತ್ರ, ಅವರಲ್ಲೂ ವಯಸ್ಸಾದವರೇ ಜಾಸ್ತಿ. ಯಾರಿಗೆ ಹೋಲಿಸಬೇಕೋ ಆ ಗುಂಪೇ ಇಲ್ಲಿ ಸಣ್ಣದು. ವಯಸ್ಸು ಸರಿದೂಗಿಸದೆ ಮಾಡಿದ ಮೊದಲ ಟೇಬಲಿನಲ್ಲಿ ಎಲ್ಲರ ಅನುಪಾತವೂ ಗಾಳಿಪಟದ ಹಾಗೆ ಹಾರಿತು. ಐದೈದು ವರ್ಷದ ವಯೋಮಾನ, ಗಂಡು ಹೆಣ್ಣು ಬೇರೆ ಬೇರೆ ಮಾಡಿದ ಮೇಲೆ ನೆಲಕ್ಕೆ ಬಂತು. ಆದರೂ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಅಗಲವೇ. ಐದು ವರ್ಷ ಒಟ್ಟು ಹಾಕಿದ್ದು ಅದಕ್ಕೇ. ಹೋಲಿಕೆಯ ಜೊತೆಗೆ ಲಕ್ಷಕ್ಕೆ ಇಷ್ಟು ಅಂತ ಪ್ರತಿ ಗುಂಪಿನ ದರವನ್ನು ಪಕ್ಕದಲ್ಲೇ ಬರೆದಿಡಿ. ಓದುವವರು ಮೊದಲು ಅದನ್ನೇ ಹುಡುಕುತ್ತಾರೆ.

"ಬಿಳಿ ಡಾಕ್ಟರಿಗೆ ಕಪ್ಪು ಹುಡುಗ ಜೋರಾಗಿ ಮಾತಾಡಿದರೆ ಸಾಕು, ಸೈಕೋಸಿಸ್" ಅನ್ನುವ ಆಕ್ಷೇಪ ಇದ್ದೇ ಇರುತ್ತದೆ. ಈಸಾಪ್‌ನವರ ಹಾಗೆ ನಾನೂ ಕೇಸಿನ ಸಾರಾಂಶದಿಂದ ಜನಾಂಗದ ಸುಳಿವು ತೆಗೆದು ಇಬ್ಬರು ಕನ್ಸಲ್ಟೆಂಟುಗಳಿಂದ ಡಯಾಗ್ನೋಸಿಸ್ ಮಾಡಿಸಿದೆ. ಹೆಸರು, ದೇಶ ಅಳಿಸುವುದು ಸುಲಭ. ಆದರೆ ಒಂದು ಫೈಲಿನಲ್ಲಿ ಹುಡುಗ ಹೇಳಿದ್ದು ಹೀಗೆ: ಚರ್ಚಿನ ಪಾಸ್ಟರ್ ಎಣ್ಣೆ ಹಚ್ಚಿದ ಮೇಲೆ ದನಿಗಳು ಮೂರು ದಿನ ನಿಂತವು, ಆಮೇಲೆ ಚಿಕ್ಕಮ್ಮ ಬೇಯಿಸಿದ ಯಾಮಿನ (ಪಶ್ಚಿಮ ಆಫ್ರಿಕದವರು ಹೆಚ್ಚು ತಿನ್ನುವ ಗೆಡ್ಡೆ) ವಾಸನೆಯಲ್ಲಿ ವಾಪಸ್ ಬಂದವು. ಪಾಸ್ಟರ್ 'ಧರ್ಮಗುರು' ಆದರು, ಯಾಮ್ 'ಅಡುಗೆ' ಆಯಿತು. ಎಣ್ಣೆ ಹಾಗೇ ಉಳಿಸಿದೆ, ತೆಗೆದರೆ ಭ್ರಮೆಯ ಆಕಾರವೇ ಹೋಗುತ್ತಿತ್ತು. ಒಂದು ಫೈಲಿಗೆ ಮುಕ್ಕಾಲು ಗಂಟೆ. ಕೊನೆಯಲ್ಲಿ ಆ ಇಬ್ಬರಿಂದಲೂ "ಇವರು ಯಾವ ಮೂಲದವರು, ಊಹಿಸಿ" ಅಂತ ಬರೆಸಿದೆ. ಊಹೆ ಬಹುಪಾಲು ತಪ್ಪಿತ್ತು. ನನ್ನ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಪುಟ ಅದು. ಡಯಾಗ್ನೋಸಿಸ್ ಕೆಲವು ಬದಲಾದವು, ಕ್ರಮ ಬದಲಾಗಲಿಲ್ಲ. ವೈದ್ಯರ ಪೂರ್ವಗ್ರಹ ಇಲ್ಲ ಅಂತಲ್ಲ, ಇಡೀ ವ್ಯತ್ಯಾಸ ಅದರಿಂದಲೇ ಹುಟ್ಟಿದ್ದಲ್ಲ ಅಂತ.

ನಡುವೆ ಒಂದು ತಲೆಹರಟೆಯನ್ನೂ ಮಾಡಿದೆ. ಕ್ಯಾಂಬರ್‌ವೆಲ್ ಮತ್ತು ಹೇಗ್ ನಗರದ ಅಧ್ಯಯನಗಳಲ್ಲಿ ತಮ್ಮವರು ಹೆಚ್ಚಿರುವ ಬೀದಿಗಳಲ್ಲಿ ವಲಸಿಗರಿಗೆ ಅಪಾಯ ಕಡಿಮೆ ಅಂತ ಬಂದಿದೆಯಲ್ಲ, ನಾನೂ ನ್ಯೂಹ್ಯಾಮಿನಲ್ಲಿ ದಕ್ಷಿಣ ಏಷ್ಯಾದವರು ಹೆಚ್ಚಿರುವ ಗ್ರೀನ್ ಸ್ಟ್ರೀಟ್ ಸುತ್ತಿನ ವಿಳಾಸಗಳನ್ನು ನಕ್ಷೆಯಲ್ಲಿ ಚುಕ್ಕಿ ಹಾಕುತ್ತಾ ಹೋದೆ. ಸಾವಿರದೈನೂರು ಜನರ ಒಂದೊಂದು ಚೌಕಕ್ಕೆ ಒಂದೋ ಎರಡೋ ಕೇಸು ಬಿದ್ದರೆ ಏನು ಹೇಳಲಿ? ನಕ್ಷೆ ಚೆನ್ನಾಗಿತ್ತು, ಗೋಡೆಗೆ ಹಾಕಿಕೊಂಡಿದ್ದೇನೆ.

ಬೆಂಗಳೂರಿನ ಗೆಳೆಯರು ಬಿಹಾರ, ಅಸ್ಸಾಂ ಕಡೆಯ ವಲಸಿಗರ ಮೇಲೆ ಇದನ್ನೇ ಮಾಡಬಹುದಾ ಅಂತ ಕೇಳುತ್ತಿದ್ದಾರೆ. ನಿಮ್ಹಾನ್ಸ್ ಹೊರರೋಗಿಗಳನ್ನು ಎಣಿಸಿ ಶುರು ಮಾಡಬೇಡಿ. ಅಲ್ಲಿಗೆ ಆಂಧ್ರ, ತಮಿಳುನಾಡಿನಿಂದಲೂ ಬರುತ್ತಾರೆ. 2011ರ ನಂತರ ಜನಗಣತಿ ಮುಗಿದಿಲ್ಲದ ಊರಿನಲ್ಲಿ ಛೇದವನ್ನು ನೀವೇ ಕಟ್ಟಿಕೊಳ್ಳಬೇಕು. ಒಂದೆರಡು ವಾರ್ಡು ಹಿಡಿದು ಆಶಾ ಕಾರ್ಯಕರ್ತೆಯರ ಜೊತೆ ಮನೆ ಪಟ್ಟಿ ಮಾಡಿ, ಬಾಡಿಗೆ ಶೆಡ್ಡು, ಪಿಜಿಗಳನ್ನೂ ಸೇರಿಸಿ. ಸಿಕ್ಕ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಎತ್ತಿಡಿ.